ಮಗಳ ಬೆನ್ನು, ನನ್ನ ಎಣಿಕೆ

ಇಪ್ಪತ್ತೆರಡು ವರ್ಷಗಳಿಂದ ನಾನು ಕುರುಗೋಡಿನ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. ಅಷ್ಟೂ ವರ್ಷ ಊರ ಮಕ್ಕಳಿಗೆ ‘ನೆಟ್ಟಗ ನಿಲ್ರಲೇ’ ಎಂದು ಕೂಗಿಯೇ ಸಂಬಳ ತೆಗೆದುಕೊಂಡವನು. ಸಾಲಿನ ಕೊನೆಯಲ್ಲಿ ನಿಂತ ಹುಡುಗನ ಕಾಲರ್ ವಾರೆಯಾಗಿದ್ದರೂ ನನ್ನ ಕಣ್ಣಿಗೆ ಬೀಳುತ್ತದೆ ಎಂಬ ಜಂಬ ಬೇರೆ ಇತ್ತು. ಇಂಥವನ ಸ್ವಂತ ಮಗಳ ಬೆನ್ನುಮೂಳೆ ಸೊಟ್ಟಗೆ ಬೆಳೆಯುತ್ತಿರುವುದನ್ನು ಮೊದಲು ಕಂಡವನು ಒಬ್ಬ ಟೇಲರ್ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮಗಳು ಭೂಮಿಕಾಗೆ ಹದಿಮೂರು ತುಂಬಿದೆ. ಯೂನಿಫಾರಂ ಹೊಲಿಸಲು ಕರೆದುಕೊಂಡು ಹೋದಾಗ ಹುಸೇನಸಾಬ್ ಮೂರು ಸಲ ಅಳತೆ ತೆಗೆದ. ‘ಏನ್ ಸಾಬ್, ಟೇಪು ಹಳೇದಾತೇನು?’ ಎಂದು ನಕ್ಕೆ. ಅವನು ನಗಲಿಲ್ಲ. ‘ಸರ್, ಪಾಪುಂದು ಬಲಗಡಿ ಭುಜ ಮ್ಯಾಲ ಐತ್ರಿ. ಹೋದ ವರ್ಷ ಹಿಂಗ ಇರ್ಲಿಲ್ಲ. ಯಾರಿಗಾದ್ರೂ ತೋರಿಸ್ರಿ’ ಎಂದ.

ಬಳ್ಳಾರಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮೂಳೆಗಳು ಒಂದರ ಮೇಲೊಂದು ಏರುತ್ತ ಹೋಗಿ ನಡುವೆ ಬಲಕ್ಕೆ ವಾಲಿದ್ದವು. ಬೆಳೆಯುವ ವಯಸ್ಸಿನಲ್ಲಿ ಕಾರಣವೇ ಇಲ್ಲದೆ ಹೀಗಾಗುತ್ತದಂತೆ. ಸದ್ಯಕ್ಕೆ ವ್ಯಾಯಾಮ, ಹೆಚ್ಚಾದರೆ ಬೆಲ್ಟು, ಇನ್ನೂ ಹೆಚ್ಚಾದರೆ ಆಪರೇಷನ್ ಎಂದರು. ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ.

ವ್ಯಾಯಾಮ ಕಲಿಸಲು ಬಳ್ಳಾರಿಯ ಕಂಟೋನ್ಮೆಂಟಿನಲ್ಲೇ ಒಬ್ಬ ಫಿಸಿಯೋಥೆರಪಿ ಮೇಡಂ ಇದ್ದರು. ಅಕ್ಕಿ ತುಂಬಿದ ಸಣ್ಣ ಚೀಲಗಳನ್ನು ಪಕ್ಕೆಗೆ ಆನಿಸಿಕೊಂಡು ಮಲಗಬೇಕು, ಕನ್ನಡಿಯ ಮುಂದೆ ಕೂತು ಮೈಯನ್ನು ನೇರಕ್ಕೆ ತರಬೇಕು, ತಗ್ಗಾದ ಕಡೆಯ ಪಕ್ಕೆಲುಬಿಗೆ ಉಸಿರು ತುಂಬಬೇಕು. ಉಸಿರನ್ನು ಹೇಳಿದ ಕಡೆಗೇ ಕಳಿಸುವ ವಿದ್ಯೆ ನನಗೆ ಹೊಸದು. ಆದರೂ ವ್ಯಾಯಾಮ ಎಂಬ ಶಬ್ದ ಕೇಳಿದ್ದೇ ಎದೆ ಹಗುರವಾಯಿತು. ಅದು ನನ್ನ ಇಲಾಖೆ ತಾನೇ!

ಹೆಂಡತಿ ಚೀಲ ಹೊಲಿದಳು. ಅಕ್ಕಿ ಸಿರುಗುಪ್ಪದ ಕಡೆಯದು, ದೇಶನೂರಿನಿಂದ ನಮ್ಮ ಅತ್ತೆ ಕಳಿಸಿದ್ದು. ಸುದ್ದಿ ತಿಳಿದ ಅತ್ತೆ ಫೋನಿನಲ್ಲೇ ಸಿಡಿದರು: ‘ಅಳಿಯಂದ್ರ, ತಿನ್ನಾಕ ಕಳಿಸಿದ ಅಕ್ಕಿ ಮ್ಯಾಲ ಕೂಸಿನ್ನ ಮಲಗಿಸ್ತೀರೇನ್ರಿ? ಸಿರುಗುಪ್ಪದಾಗ ಕಾಲು ಮುಂದಾಗಿ ಹುಟ್ಟಿದಾವ ಒಬ್ಬ ಅದಾನ. ಬೆನ್ನಿಗೆ ಒಂದು ಸಲ ಒದ್ದರ ಎಂಥಾ ನಡಾನೂ ನೆಟ್ಟಗಾಕೈತಿ.’ ಒದೆಯ ವಿಷಯ ಕೇಳಿ ಭೂಮಿಕಾ ಬಹಳ ದಿನಗಳ ಮೇಲೆ ನಕ್ಕಳು. ‘ಅಮ್ಮಮ್ಮ, ಮೊದಲು ಅಪ್ಪಗ ಒದಿಸು, ನೋಡೋಣು’ ಎಂದಳು.

ದಿನಾ ಬೆಳಿಗ್ಗೆ ಐದೂವರೆಗೆ ಶುರು. ಅವಳು ಬೀರುವಿನ ಕನ್ನಡಿಯ ಮುಂದೆ, ನಾನು ಹಿಂದೆ. ‘ಒಂದ್, ಎರಡ್, ಮೂರ್, ನಾಕ್!’ ಸೀಟಿ ಊದಲಿಲ್ಲ ಎಂಬುದೊಂದೇ ಕಮ್ಮಿ. ಒಂದು ದಿನವೂ ತಪ್ಪಲಿಲ್ಲ. ಜ್ವರ ಬಂದಾಗಲೂ ಬಿಡಲಿಲ್ಲ. ಒಂದು ಬೆಳಿಗ್ಗೆ ಅವಳು ಕನ್ನಡಿಗೆ ಬೆನ್ನು ತಿರುಗಿಸಿ ಕೂತುಬಿಟ್ಟಳು. ‘ಸಾಲ್ಯಾಗ ಎಲ್ಲಾರೂ ಡ್ರಿಲ್ ಮಾಸ್ತರ್ ಮಗಳು ಸೊಟ್ಟ ಅಂತಾರ’ ಎಂದಳು. ಯಾರು ಹಾಗೆ ಅಂದವರು, ಹೆಸರು ಹೇಳು, ಮೈದಾನ ಸುತ್ತಿಸುತ್ತೇನೆ ಎಂದು ಗುಡುಗಿದೆ. ಅವಳು ಕಣ್ಣೊರೆಸಿಕೊಂಡು ಕನ್ನಡಿಯತ್ತ ತಿರುಗಿದಳು. ನಾನು ಮತ್ತೆ ಒಂದರಿಂದ ಶುರು ಮಾಡಿದೆ. ಬೇರೆ ಏನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ.

ಆರು ತಿಂಗಳಾದ ಮೇಲೆ ಹೊಸ ಎಕ್ಸ್‌ರೇ ತೆಗೆಸಿದೆವು. ಬಾಗು ಐದು ಡಿಗ್ರಿ ಹೆಚ್ಚಾಗಿತ್ತು. ಡಾಕ್ಟರು ಬೆಲ್ಟಿಗೆ ಬರೆದುಕೊಟ್ಟರು. ಅಲ್ಲಿಂದ ಕಂಟೋನ್ಮೆಂಟಿಗೆ ಹೋದವನು ಮೇಡಂ ಮುಂದೆ ಜಗಳಕ್ಕೇ ನಿಂತೆ. ‘ಒಂದು ದಿನ ತಪ್ಪಿಸಿಲ್ಲರಿ!’ ಅವರು ಶಾಂತವಾಗಿ, ‘ಮನ್ಯಾಗ ಹೆಂಗ ಮಾಡಿಸ್ತೀರಿ, ಸ್ವಲ್ಪ ತೋರಿಸ್ರಿ ಸರ್’ ಎಂದರು. ಮಗಳು ಮಲಗಿದಳು. ನಾನು ಗಂಟಲು ಸರಿಮಾಡಿಕೊಂಡು ಎಣಿಸಿದೆ. ನಾಲ್ಕು ಮುಗಿಯುವುದರೊಳಗೆ ಮೇಡಂ ಕೈ ಎತ್ತಿದರು.

‘ಸರ್, ನೀವು ಕವಾಯತು ಮಾಡಿಸಾಕತ್ತೀರಿ. ಎಣಿಕಿ ಹಿಂಗ ಓಡಿಸಿದ್ರ ಆ ತಗ್ಗಿಗೆ ಉಸಿರು ಹೋಗೋದು ಯಾವಾಗ? ಅರ್ಧಕ್ಕ ಹೊರಗ ಬರ್ತೈತಿ.’

ನನ್ನ ಮುಖ ನೋಡಿ ಕನಿಕರಪಟ್ಟು, ಬಾಗು ಹೆಚ್ಚಲು ಅದೇ ಕಾರಣ ಎನ್ನಲಾಗದು, ಸರಿಯಾಗಿ ಮಾಡಿದ ಮಕ್ಕಳಿಗೂ ಹೆಚ್ಚಾಗುವುದುಂಟು ಎಂದರು. ಆ ಸಮಾಧಾನ ನನ್ನ ಒಳಗೆ ಇಳಿಯಲಿಲ್ಲ.

ಬಸ್ಸು ಕುರುಗೋಡಿನ ಹತ್ತಿರ ಬಂತು. ಮಗಳನ್ನು ಕೇಳಿದೆ: ‘ಉಸಿರು ಸಾಲೂದಿಲ್ಲ ಅಂತ ನಿನಗ ಗೊತ್ತಿತ್ತೇನವ್ವಾ?’

‘ಗೊತ್ತಿತ್ತು.’

‘ಮತ್ತ ಯಾಕ ಹೇಳಲಿಲ್ಲ?’

ಅವಳು ಕಿಟಕಿಯ ಹೊರಗೆ ನೋಡುತ್ತ ಅಂದಳು: ‘ಬ್ಯಾಡ ಅಂದಿದ್ರ ನಿನಗ ಮಾಡಾಕ ಏನೂ ಉಳೀತಿರ್ಲಿಲ್ಲಲ್ಲಪ್ಪಾ.’

ಈಗ ಸ್ನಾನ, ವ್ಯಾಯಾಮದ ಹೊತ್ತು ಬಿಟ್ಟರೆ ಅವಳ ಮೈಮೇಲೆ ಗಟ್ಟಿ ಬೆಲ್ಟು. ಮುಂದಿನ ಎಕ್ಸ್‌ರೇ ಏನು ಹೇಳುತ್ತದೋ ಯಾರಿಗೂ ಗೊತ್ತಿಲ್ಲ. ವ್ಯಾಯಾಮವನ್ನು ಅವಳೇ ಬಾಗಿಲು ಮುಂದೆ ಮಾಡಿಕೊಂಡು ಮಾಡುತ್ತಾಳೆ. ನಾನು ಪಡಸಾಲೆಯಲ್ಲಿ ಸುಮ್ಮನೆ ಕೂತಿರಬೇಕೆಂದು ಅಪ್ಪಣೆಯಾಗಿದೆ. ಮೊನ್ನೆ ಬಾಗಿಲ ಸಂದಿಯಿಂದ ಮುಖ ಹೊರಹಾಕಿ, ‘ಅಪ್ಪಾ, ಎಣಿಸಾಕ ತುಟಿ ಅಲ್ಲಾಡಿಸಬ್ಯಾಡ, ಕೇಳಿಸ್ತೈತಿ’ ಎಂದಳು. ಅಂದಿನಿಂದ ತುಟಿ ಬಿಗಿಹಿಡಿದು ಕೂತಿದ್ದೇನೆ. ಕಾಲಿನ ಹೆಬ್ಬೆರಳೊಂದು ಮಾತ್ರ ಇನ್ನೂ ನನ್ನ ಮಾತು ಕೇಳುತ್ತಿಲ್ಲ.