ವಾಯುಪಡೆಗೊಂದು ಮೆಟ್ಟಿಲು

ಯಾವ ದೇಶದ ವಾಯುಪಡೆಗೇ ಆಗಲಿ, ಅದರ ನಿಜವಾದ ಶತ್ರು ಗಡಿಯಾಚೆ ಇರುವುದಿಲ್ಲ, ಒಳಗೇ ಇರುತ್ತದೆ ಎಂಬುದು ನಾನು ಬಹುಕಾಲದ ಚಿಂತನೆಯಿಂದ ಕಂಡುಕೊಂಡಿರುವ ಸತ್ಯ. ನನ್ನ ವಾಯುಪಡೆಯ ವಿಷಯದಲ್ಲಿ ಆ ಶತ್ರು ಧೂಳು. ಧೂಳಿನ ನಂತರದ ಸ್ಥಾನ ಪಿಂಗಾಣಿ ಕಪ್‌ಗಳದ್ದು. ಜಯನಗರದ ನಾಲ್ಕನೇ ಟಿ ಬ್ಲಾಕಿನ ನಮ್ಮ ಮನೆಯ ಹಾಲಿನಲ್ಲಿ ಗಾಜಿನ ಬಾಗಿಲಿನ ಒಂದು ಷೋಕೇಸಿದೆ. ಅದರಲ್ಲಿ ಮೂರು ಹಲಗೆಗಳು. ಮೇಲಿನ ಎರಡರಲ್ಲಿ ನನ್ನ ಯುದ್ಧವಿಮಾನಗಳು ನಿಂತಿದ್ದವು; ಕೆಳಗಿನದರಲ್ಲಿ ನನ್ನ ಹೆಂಡತಿ ವತ್ಸಲಾಳ ಕಪ್‌ಗಳು. ನಮ್ಮ ಮದುವೆಗೆ ಉಡುಗೊರೆಯಾಗಿ ಬಂದ ಆ ಕಪ್‌ಗಳಲ್ಲಿ ಇವತ್ತಿನವರೆಗೆ ಯಾರೂ ಕಾಫಿ ಕುಡಿದಿಲ್ಲ. ನನ್ನ ವಿಮಾನಗಳೂ ಇವತ್ತಿನವರೆಗೆ ಹಾರಿಲ್ಲ. ಆದ್ದರಿಂದ ಎರಡು ಪಕ್ಷಗಳ ನಡುವೆ ಒಂದು ಬಗೆಯ ಸಮಾನತೆ ಇತ್ತು. ಶಾಂತಿ ಇತ್ತೆಂದು ಹೇಳಲಾರೆ.

ವಿಮಾನಗಳೆಂದರೆ ಅಂಗೈ ಅಗಲದ ಲೋಹದ ಪ್ರತಿಕೃತಿಗಳು. ಸ್ಪಿಟ್‌ಫೈರ್, ಹರಿಕೇನ್, ಹಂಟರ್, ನ್ಯಾಟ್, ಹೊಟ್ಟೆ ದಪ್ಪನೆಯ ಒಂದು ಡಕೋಟಾ. ಎಲ್ಲ ಹಳೆಯ ಕಾಲದ ಯುದ್ಧಗಳವು, ಎಲ್ಲವೂ ತಯಾರಾಗಿಯೇ ಬಂದವು. ಡಬ್ಬಿ ತೆರೆಯುವುದು, ಹತ್ತಿಯನ್ನು ಬಿಡಿಸುವುದು, ಹಲಗೆಯ ಮೇಲೆ ನಿಲ್ಲಿಸುವುದು, ಎರಡು ಹೆಜ್ಜೆ ಹಿಂದೆ ಸರಿದು ನೋಡುವುದು. ನನ್ನ ಪಾಲಿನ ಶ್ರಮ ಇಷ್ಟೇ. ಇದನ್ನು ನಾನು ಸಂಕೋಚದಿಂದ ಹೇಳುತ್ತಿಲ್ಲ, ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಏಕೆಂದರೆ ಮನೆಗೆ ಬಂದವರೆಲ್ಲ ಷೋಕೇಸಿನ ಮುಂದೆ ನಿಂತು ಕೇಳುವ ಪ್ರಶ್ನೆಗಳು ಎರಡೇ. ಒಂದು, ಸಿದ್ದಾಪುರದಿಂದ ಬರುವ ನಮ್ಮ ಪ್ಲಂಬರ್ ಕೇಳಿದ್ದು: "ಸಾರ್, ಇದು ಹಾರುತ್ತಾ?" ಇನ್ನೊಂದು, ಮಿಕ್ಕ ಎಲ್ಲರೂ ಕೇಳುವುದು: "ನೀವೇ ಮಾಡಿದ್ದಾ?" ಇಲ್ಲ, ಕೊಂಡಿದ್ದು ಎಂದ ತಕ್ಷಣ ಅವರ ಮುಖ ಸ್ವಲ್ಪ ಬಾಡುತ್ತದೆ. "ಓ, ರೆಡಿಮೇಡಾ" ಎಂದು ಸೋಫಾದ ಕಡೆ ತಿರುಗುತ್ತಾರೆ. ಇದೇ ಜನ ಮದುವೆಮನೆಯಲ್ಲಿ ರೇಷ್ಮೆ ಸೀರೆ ಉಟ್ಟವರನ್ನು ನೀವೇ ನೇಯ್ದದ್ದಾ ಎಂದು ಕೇಳುವುದಿಲ್ಲ. ಮನೆ ಮುಂದೆ ಕಾರು ನಿಲ್ಲಿಸಿದವನನ್ನು ನಟ್ಟು ಬೋಲ್ಟು ನೀವೇ ಬಿಗಿದಿರಾ ಎನ್ನುವುದಿಲ್ಲ. ವಿಮಾನ ಇಟ್ಟುಕೊಂಡವನಿಗೆ ಮಾತ್ರ ಈ ಪರೀಕ್ಷೆ ಏಕೆಂದು ನನಗೆ ಅರ್ಥವಾಗಿಲ್ಲ.

ಬಿಡಿಬಿಡಿಯಾಗಿ ಬರುವ ಕಿಟ್ ತಂದು, ಅಂಟು ಹಚ್ಚಿ, ಬಣ್ಣ ಬಳಿದು ಜೋಡಿಸುವ ಜನ ಇದ್ದಾರೆ. ಅವರ ಮೇಲೆ ನನಗೆ ಗೌರವವಿದೆ. ಆದರೆ ನನ್ನ ಹಿನ್ನೆಲೆ ಬೇರೆ. ನಾನು ನಿವೃತ್ತನಾಗುವವರೆಗೆ ಒಂದು ವಿಮಾ ಕಚೇರಿಯ ಕ್ಲೇಮ್ಸ್ ವಿಭಾಗದಲ್ಲಿದ್ದವನು. ಅಷ್ಟೂ ವರ್ಷ ನನ್ನ ಮುಂದೆ ಬಂದದ್ದೆಲ್ಲ ಮುರಿದ ವಸ್ತುಗಳೇ. ಬಂಪರ್ ಕಳಚಿದ ಕಾರು, ಅರ್ಧ ಸುಟ್ಟ ಅಂಗಡಿ, ನೀರು ನುಗ್ಗಿದ ಗೋಡೌನು. ಪೂರ್ತಿಯಾಗಿರುವ ಒಂದು ವಸ್ತುವನ್ನು ಕಣ್ತುಂಬ ನೋಡುವ ಭಾಗ್ಯ ನನಗೆ ಬಂದದ್ದು ಪೆನ್ಷನ್ ಜೊತೆಗೆ. ಅಂಥವನ ಮುಂದೆ ರೆಕ್ಕೆ ಒಂದು ಕಡೆ, ಬಾಲ ಒಂದು ಕಡೆ, ಚಕ್ರ ಇನ್ನೊಂದು ಕಡೆ ಇರುವ ಡಬ್ಬಿಯನ್ನು ತಂದಿಟ್ಟರೆ ಅವನಿಗೆ ಕಾಣುವುದು ಕಿಟ್ ಅಲ್ಲ, ಅಪಘಾತ. ಪೊಲೀಸ್ ರಿಪೋರ್ಟ್ ಎಲ್ಲಿ ಎಂದು ಕೇಳುವ ಮನಸ್ಸಾಗುತ್ತದೆ.

ನನ್ನ ಪಡೆಯ ಕಿರೀಟವೆಂದರೆ ಸ್ಪಿಟ್‌ಫೈರ್. ಅದು ಈಗಷ್ಟೇ ಕಾರ್ಖಾನೆಯಿಂದ ಹೊರಬಂದ ಹಾಗೆ ಫಳಫಳ ಎನ್ನುವುದಿಲ್ಲ. ಯುದ್ಧ ಮುಗಿಸಿ ಆಗಷ್ಟೇ ಇಳಿದ ಹಾಗೆ ಕಾಣುವಂತೆ ಅದನ್ನು ಮಾಡಿದವರು ಬಣ್ಣ ಹಚ್ಚಿದ್ದಾರೆ. ಹೊಗೆ ಕೊಳವೆಗಳ ಹಿಂದೆ ಮೈಯುದ್ದಕ್ಕೂ ತೆಳ್ಳನೆಯ ಮಸಿ. ಪೈಲಟ್ ಕಾಲಿಟ್ಟು ಹತ್ತುವ ಕಡೆ ರೆಕ್ಕೆಯ ಮೇಲೆ ಬಣ್ಣ ಸವೆದು ಲೋಹ ಇಣುಕಿದೆ. ಈ ಮಸಿಗೂ ಸವೆತಕ್ಕೂ ಬೇರೆ ಬೆಲೆ ಕೊಟ್ಟಿದ್ದೇನೆ. ಬಂದವರಿಗೆ ಭೂತಗನ್ನಡಿ ಕೊಟ್ಟು ತೋರಿಸುತ್ತೇನೆ. ಒಮ್ಮೆ ನಾನು ಸ್ನಾನಕ್ಕೆ ಹೋಗಿದ್ದಾಗ ವತ್ಸಲಾ ಅದನ್ನು ಒದ್ದೆ ಬಟ್ಟೆಯಿಂದ ಉಜ್ಜಲು ಹೊರಟಿದ್ದಳು. ಹೇಗೋ ವಾಸನೆ ಹಿಡಿದು ಟವಲಿನಲ್ಲೇ ಓಡಿ ಬಂದು ತಡೆದೆ.

ಇನ್ನು ನವರಾತ್ರಿಯ ವಿಷಯ. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ ಇದೆ. ವತ್ಸಲಾಳ ತವರಿನಿಂದ ಬಂದ ಪಟ್ಟದ ಗೊಂಬೆಗಳು, ಮರದ ರಾಜ ಮತ್ತು ರಾಣಿ, ಎಲ್ಲಕ್ಕಿಂತ ಮೇಲೆ. ಅವರ ಕೆಳಗೆ ದಶಾವತಾರ, ದಸರಾ ಮೆರವಣಿಗೆ, ಮದುವೆ ದಿಬ್ಬಣ, ಕೊನೆಗೆ ಅಕ್ಕಿ ಬೇಳೆ ಹರಡಿಕೊಂಡು ಕೂತ ಶೆಟ್ಟರು ಮತ್ತು ಅವರ ಹೆಂಡತಿ. ಒಟ್ಟು ಏಳು ಮೆಟ್ಟಿಲು. ನೆಲದ ಮೇಲೆ ಮಣ್ಣು ಹರಡಿ ರಾಗಿ ಮೊಳಕೆ ಬರಿಸಿ ಒಂದು ಪಾರ್ಕು. ಈ ಸಂಭ್ರಮವೆಲ್ಲ ಏಳುವುದು ಷೋಕೇಸಿನ ಎದುರಿಗೇ. ಹಾಗಾಗಿ ಮನೆಗೆ ಅತಿ ಹೆಚ್ಚು ಜನ ಬರುವ ಹತ್ತು ದಿನಗಳಲ್ಲೇ ನನ್ನ ವಾಯುಪಡೆ ಮೆಟ್ಟಿಲಿಗೆ ಹೊದಿಸಿದ ಬಿಳಿ ಪಂಚೆಯ ಹಿಂದೆ ಕತ್ತಲಲ್ಲಿರುತ್ತದೆ. ಈ ಅನ್ಯಾಯವನ್ನು ಬಹಳ ವರ್ಷ ಸಹಿಸಿದ್ದೆ. ಹೋದ ನವರಾತ್ರಿಗೆ ಮುಂಚೆ ಬಾಯಿ ಬಿಟ್ಟು ಕೇಳಿದೆ, ವಿಮಾನಗಳಿಗೆ ಒಂದು ಮೆಟ್ಟಿಲು ಕೊಡು ಎಂದು.

"ಒಂದು ಕೊಟ್ರೆ ಎಂಟಾಗತ್ತಲ್ರೀ" ಎಂದಳು ವತ್ಸಲಾ. "ಗೊಂಬೆಗೆ ಬೆಸ ಸಂಖ್ಯೆ ಇರ್ಬೇಕು. ಎಂಟು ಮೆಟ್ಟಿಲು ಯಾರಾದ್ರೂ ಕೂರಿಸ್ತಾರಾ?"

"ಇರುವ ಏಳರಲ್ಲೇ ಒಂದು ಕೊಡು."

"ಯಾರನ್ನ ಇಳಿಸ್ಲಿ ಹೇಳಿ. ದಶಾವತಾರ ಇಳಿಸ್ಲಾ?"

ಹತ್ತು ಅವತಾರಗಳನ್ನು ಒಟ್ಟಿಗೆ ಕೆಳಗಿಳಿಸುವ ಧೈರ್ಯ ನನಗೆ ಬರಲಿಲ್ಲ. ಅವಳೇ ಒಂದು ದಾರಿ ಸೂಚಿಸಿದಳು. "ಕೆಳಗೆ ಪಾರ್ಕ್ ಮಾಡ್ತೀನಲ್ಲ, ಅಲ್ಲೇ ಒಂದು ಏರ್‌ಪೋರ್ಟ್ ಮಾಡ್ಕೊಳ್ಳಿ. ಜಿರಾಫೆ ಪಕ್ಕ ಜಾಗ ಇದೆ."

"ಯುದ್ಧ ಮಾಡಿ ಬಂದ ವಿಮಾನ ಜಿರಾಫೆ ಪಕ್ಕ ನಿಲ್ಲಲ್ಲ."

"ಜಿರಾಫೆಗೇನೂ ಬೇಜಾರಿಲ್ಲ, ನಿಮಗೇ."

ಮಾತುಕತೆ ಅಲ್ಲಿಗೆ ಮುರಿದುಬೀಳಬೇಕಿತ್ತು. ಬೀಳಲಿಲ್ಲ, ಏಕೆಂದರೆ ಎದುರು ಮನೆಯಲ್ಲಿ ಪದ್ಮಾವತಿ ಇದ್ದರು. ನಮ್ಮ ಬಡಾವಣೆಯ ನಿವಾಸಿಗಳ ಸಂಘ ಪ್ರತಿ ವರ್ಷ ಗೊಂಬೆ ಸ್ಪರ್ಧೆ ನಡೆಸುತ್ತದೆ, ಪ್ರತಿ ವರ್ಷ ಪದ್ಮಾವತಿಯವರು ಮೊದಲ ಬಹುಮಾನ ತೆಗೆದುಕೊಳ್ಳುತ್ತಾರೆ. ಅವರು ಎಲ್ಲವನ್ನೂ ಕೈಯಾರೆ ಮಾಡುವವರು. ಹಳೆಯ ಪೇಪರು, ತೆಂಗಿನ ಚಿಪ್ಪು, ಕಡ್ಡಿಪೆಟ್ಟಿಗೆ, ಯಾವುದನ್ನೂ ಅವರು ಬಿಟ್ಟಿಲ್ಲ. ಅವರ ಮನೆಯಲ್ಲಿ ಬೆಂಕಿಕಡ್ಡಿಯ ಅರಮನೆ ನೋಡಿ ಬಂದ ರಾತ್ರಿ ವತ್ಸಲಾ ಊಟ ಮಾಡಿರಲಿಲ್ಲ. ಈಗ ಅವಳು ಷೋಕೇಸಿನ ಕಡೆ ಒಂದು ಹೊಸ ದೃಷ್ಟಿಯಿಂದ ನೋಡಿದಳು. ಇಡೀ ಬಡಾವಣೆಯಲ್ಲಿ ಯಾರ ಮನೆಯ ಗೊಂಬೆಯಲ್ಲೂ ಯುದ್ಧವಿಮಾನ ಇರಲಿಲ್ಲ.

"ಒಂಬತ್ತು ಮಾಡೋಣ" ಎಂದಳು. "ಆದ್ರೆ ಒಂದು ಷರತ್ತು. ಜಡ್ಜುಗಳು ಬಂದಾಗ ನೀವು ಬಾಯಿ ಬಿಡ್ಬಾರ್ದು. ನೀವೇ ಮಾಡಿದ್ದಾ ಅಂತ ಕೇಳೇ ಕೇಳ್ತಾರೆ. ಸುಮ್ನೆ ನಗ್ತಾ ನಿಂತ್ಕೊಳ್ಳಿ."

"ಅದು ಸುಳ್ಳು ಹೇಳಿದ ಹಾಗಲ್ಲವಾ?"

"ಹೇಳಿ ಅಂದ್ನಾ? ನಗಿ ಅಂದೆ."

ಹೆಚ್ಚಿನ ಎರಡು ಮೆಟ್ಟಿಲಿಗೆ ಹಲಗೆ ಬೇಕಲ್ಲ. ಷೋಕೇಸಿನ ಮೇಲಿನ ಎರಡು ಹಲಗೆಗಳು ಹೇಗೂ ಖಾಲಿಯಾಗುತ್ತವೆ ಎಂದು ಅವನ್ನು ಬಿಚ್ಚಿದ್ದಾಯಿತು. ಅಳತೆ ಒಂದು ಬೆರಳೂ ಹೆಚ್ಚುಕಡಿಮೆ ಇಲ್ಲದೆ ಹೊಂದಿಕೊಂಡಿತು. ಟೇಪು ಹಿಡಿದು ಅವಳು ಮೊದಲೇ ಅಳೆದಿಟ್ಟಿದ್ದಳೆಂದು ನನಗೆ ಆಮೇಲೆ ತಿಳಿಯಿತು. ಕಪ್‌ಗಳ ಹಲಗೆಯನ್ನು ಯಾರೂ ಮುಟ್ಟಲಿಲ್ಲ. ಎರಡನೆಯ ಹೊಸ ಮೆಟ್ಟಿಲಿನಲ್ಲಿ ಏನಿಡುವುದು ಎಂಬ ಚಿಂತೆ ನನಗಿತ್ತು, ಅವಳಿಗಿರಲಿಲ್ಲ. ಅಟ್ಟದಿಂದ ಗೊಂಬೆಗಳ ಇನ್ನೊಂದು ಟ್ರಂಕು ಇಳಿಯಿತು. ಅಂಥದ್ದೊಂದು ನಮ್ಮ ಮನೆಯಲ್ಲಿರುವುದೇ ನನಗೆ ಗೊತ್ತಿರಲಿಲ್ಲ. ಒಂಬತ್ತು ಮೆಟ್ಟಿಲಾದ ಮೇಲೆ ಪಟ್ಟದ ರಾಜನ ಪೇಟ ಸೀಲಿಂಗ್ ಫ್ಯಾನಿನ ರೆಕ್ಕೆಯ ಹತ್ತಿರ ಬಂತು. ಫ್ಯಾನಿನ ಸ್ವಿಚ್ಚಿನ ಮೇಲೆ ಬ್ಯಾಂಡೇಜಿನ ಟೇಪು ಅಂಟಿಸಿದೆವು.

ಎಂಟನೆಯ ಮೆಟ್ಟಿಲು ನನ್ನದಾಯಿತು. ಮದುವೆ ದಿಬ್ಬಣದ ಕೆಳಗೆ, ಶೆಟ್ಟರ ಅಂಗಡಿಯ ಮೇಲೆ, ಬಿಳಿ ಪಂಚೆಯ ಮೇಲೆ ನನ್ನ ಪಡೆ ಸಾಲಾಗಿ ನಿಂತಿತು. ಸ್ಪಿಟ್‌ಫೈರ್ ನಡುವೆ, ಎರಡು ಕಡೆ ಉಳಿದವು. ಆ ದಿನಗಳ ಬಗ್ಗೆ ಎಷ್ಟು ಹೇಳಿದರೂ ಸಾಲದು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ದಶಾವತಾರವನ್ನು ಒಂದು ನೋಟದಲ್ಲಿ ಮುಗಿಸಿ ಎಂಟನೆಯ ಮೆಟ್ಟಿಲಿನ ಮುಂದೆ ಬಗ್ಗುತ್ತಿದ್ದರು. ಬೇಗೂರಿನಿಂದ ಬಂದ ವತ್ಸಲಾಳ ಚಿಕ್ಕಮ್ಮ ಮೇಲಿನಿಂದ ಪ್ರತಿ ಮೆಟ್ಟಿಲಿಗೂ ಕೈ ಮುಗಿಯುತ್ತಾ ಬಂದರು, ಡಕೋಟಾಗೂ ಮುಗಿದರು. "ಎಷ್ಟು ಲಕ್ಷಣವಾಗಿದೆಯಪ್ಪ" ಎಂದರು. ಆ ವಿಮಾನವನ್ನು ಲಕ್ಷಣವಾಗಿದೆ ಎಂದವರು ಜಗತ್ತಿನಲ್ಲಿ ಅವರೊಬ್ಬರೇ ಇರಬೇಕು. ನಾನು ಭೂತಗನ್ನಡಿಯನ್ನು ಜುಬ್ಬದ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ.

ದುರ್ಗಾಷ್ಟಮಿಯ ಸಂಜೆ ತೀರ್ಪುಗಾರರು ಬಂದರು. ಒಬ್ಬರು ಕಮಲಾಕ್ಷಿ ಮೇಡಂ, ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದು ನಿವೃತ್ತರಾದವರು. ಇನ್ನೊಬ್ಬರು ಸಂಘದ ಕಾರ್ಯದರ್ಶಿ; ಅಂಕ ಬರೆಯುವ ಪ್ಯಾಡು ಅವರ ಕೈಯಲ್ಲಿತ್ತು. ಕಮಲಾಕ್ಷಿ ಮೇಡಂ ಮೇಲಿನ ಏಳು ಮೆಟ್ಟಿಲಿಗೆ ತಲೆಯಾಡಿಸಿ, ಎಂಟನೆಯದರ ಮುಂದೆ ನಿಂತೇಬಿಟ್ಟರು.

"ಇದೆಲ್ಲ ಯಾರು ಮಾಡಿದ್ದು? ನೀವೇನಾ ಸಾರ್?"

ನಾನು ನಕ್ಕೆ. ಹೇಳಿದಷ್ಟೇ ನಕ್ಕೆ, ಒಂದು ಹಲ್ಲೂ ಹೆಚ್ಚಿಲ್ಲ. ಕಾರ್ಯದರ್ಶಿ ಪ್ಯಾಡಿನಲ್ಲಿ ಏನೋ ಬರೆದುಕೊಂಡರು. ಮೂಲೆಯಲ್ಲಿ ನಿಂತ ವತ್ಸಲಾಳ ಕಣ್ಣಿನಲ್ಲಿ ಮೊದಲ ಬಹುಮಾನ ಆಗಲೇ ಮನೆಗೆ ಬಂದಾಗಿತ್ತು.

"ತುಂಬಾ ಚೆನ್ನಾಗಿ ಮಾಡಿದ್ದೀರ" ಎಂದರು ಮೇಡಂ. "ಈ ವಯಸ್ಸಲ್ಲಿ ಇಷ್ಟು ತಾಳ್ಮೆ ಯಾರಿಗಿರತ್ತೆ. ಒಂದೇ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಮಧ್ಯದ್ದು ನೋಡಿ, ಬಣ್ಣ ಹರಡಿಬಿಟ್ಟಿದೆ. ಕಪ್ಪು ಹಾಕಿದ ಬ್ರಷ್ಷನ್ನ ಸರಿಯಾಗಿ ತೊಳೆದಿಲ್ಲ ಅನ್ಸತ್ತೆ."

ನಾನು ನಗುತ್ತಲೇ ಇದ್ದೆ.

"ಇಲ್ಲಿ ರೆಕ್ಕೆ ಮೇಲೆ ಬಣ್ಣ ಎದ್ದಿದೆ. ಮುಂದಿನ ಸಲ ಮೊದಲು ಪ್ರೈಮರ್ ಹಾಕಿ."

ಆಗಲೂ ನಕ್ಕೆ. ನನ್ನ ಕೆನ್ನೆಯ ಸ್ನಾಯುಗಳು ಅಷ್ಟು ದುಡಿದದ್ದನ್ನು ನಾನು ಕಂಡಿಲ್ಲ. ಅಷ್ಟರಲ್ಲಿ ಕಾರ್ಯದರ್ಶಿ, ಒಳ್ಳೆಯ ಮನುಷ್ಯ, ನನ್ನ ಪರವಾಗಿ ಮಾತಾಡಿದರು: "ಕೈ ನಡುಗಿರತ್ತೆ ಬಿಡಿ ಮೇಡಂ. ಪಾಪ."

ನನಗೆ ಮಾತ್ರ ಪಾಪ ಎಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅನ್ನಿಸಿಕೊಂಡು ಅಭ್ಯಾಸವಿದೆ. ಆದರೆ ಸ್ಪಿಟ್‌ಫೈರ್ ಸಮ್ಮುಖದಲ್ಲಿ, ಅದರ ಬಣ್ಣಕ್ಕೆ ಕ್ಷಮೆಯಾಗಿ, ಪಾಪ ಎಂಬ ಮಾತು ಬರಬಾರದಿತ್ತು. ನನ್ನ ಕೈ ತಾನಾಗಿಯೇ ಜೇಬಿಗೆ ಹೋಗಿ ಭೂತಗನ್ನಡಿಯೊಂದಿಗೆ ಹೊರಬಂತು. "ಮೇಡಂ, ಅದು ಬ್ರಷ್ ಅಲ್ಲ, ಹೊಗೆ" ಎಂದೆ. "ಎಂಜಿನ್ನಿನ ಹೊಗೆ. ಗಾಳಿ ಯಾವ ಕಡೆಯಿಂದ ಬೀಸುತ್ತೋ ಅದರ ಪ್ರಕಾರ ಹಿಂದಕ್ಕೆ ಹೋಗಿದೆ ನೋಡಿ. ಅಲ್ಲಿ ಬಣ್ಣ ಎದ್ದಿಲ್ಲ, ಪೈಲಟ್‌ನ ಬೂಟು ತಾಗಿ ಸವೆದಿದೆ. ಇದನ್ನ ಹೀಗೆ ಮಾಡೋಕೆ ಎಂಥ ಕೈ ಬೇಕು ಗೊತ್ತಾ? ನಡುಗೋ ಕೈಯಲ್ಲಿ ಆಗತ್ತಾ ಇದು?"

ಮೇಡಂ ಭೂತಗನ್ನಡಿಯಲ್ಲಿ ನೋಡಿದರು, ನನ್ನನ್ನು ನೋಡಿದರು. "ಹಾಗಾದ್ರೆ ನೀವು ಮಾಡಿದ್ದಲ್ವಾ?"

"ನಾನ್ಯಾಕೆ ಮಾಡ್ಲಿ ಮೇಡಂ? ಕೊಂಡಿದ್ದು. ಒಂದೊಂದೂ ಪೂರ್ತಿಯಾಗಿ ಕೊಂಡಿದ್ದು" ಎಂದೆ, ಎದೆ ಮುಂದೆ ಮಾಡಿಕೊಂಡು.

ಕಾರ್ಯದರ್ಶಿ ಪ್ಯಾಡಿನಲ್ಲಿ ಬರೆದದ್ದನ್ನು ಹೊಡೆದುಹಾಕಿದ ಸದ್ದು ಹಾಲಿನಲ್ಲಿ ಎಲ್ಲರಿಗೂ ಕೇಳಿಸಿತು. ವತ್ಸಲಾ ಇಬ್ಬರಿಗೂ ಕಡಲೆಕಾಳು ಉಸಲಿ ಕೊಟ್ಟು, ಕುಂಕುಮ ಕೊಟ್ಟು, ಗೇಟಿನವರೆಗೆ ಹೋಗಿ ಬೀಳ್ಕೊಟ್ಟು ಒಳಗೆ ಬಂದಳು. ಬಾಗಿಲು ಹಾಕಿದ ಮೇಲೆ ಒಂದೇ ಮಾತು ಆಡಿದಳು.

"ನಗೋದು, ಒಂದೇ ಒಂದು ಕೆಲಸ ಕೊಟ್ಟಿದ್ದೆ."

ಮಾರನೆಯ ದಿನ ಆಯುಧಪೂಜೆ. ಅವಳು ಇನ್ನೂ ಮಾತಾಡುತ್ತಿರಲಿಲ್ಲ. ನನ್ನ ಹಳೆಯ ಸ್ಕೂಟರಿಗೆ ಪೂಜೆಯಾಯಿತು, ಚಕ್ರದಡಿ ನಿಂಬೆಹಣ್ಣಾಯಿತು. ಮಿಕ್ಸಿಗೆ, ಹೊಲಿಗೆ ಯಂತ್ರಕ್ಕೆ, ಈಳಿಗೆಮಣೆಗೆ ಕುಂಕುಮವಾಯಿತು. ಆಮೇಲೆ ಅವಳು ತಟ್ಟೆ ಹಿಡಿದು ಎಂಟನೆಯ ಮೆಟ್ಟಿಲಿನ ಮುಂದೆ ಬಂದು ನಿಂತಳು. ವಾಹನವೂ ಹೌದು, ಆಯುಧವೂ ಹೌದು ಎಂಬಂಥವು ಇಡೀ ಮನೆಯಲ್ಲಿ ಅವೇ. ನಿಂಬೆಹಣ್ಣನ್ನು ಒಂದು ಚಕ್ರದ ಪಕ್ಕ ಹಿಡಿದು ನೋಡಿದಳು. ಹಣ್ಣು ವಿಮಾನದಷ್ಟೇ ಎತ್ತರವಿದ್ದದ್ದರಿಂದ ಅದನ್ನು ಕೈಬಿಟ್ಟಳು. ಬೆರಳಿಗೆ ಒದ್ದೆ ಕುಂಕುಮ ತೆಗೆದುಕೊಂಡಾಗ ನಾನು ತಡೆಯಲಾರದೆ, "ಬಣ್ಣ ಹಾಳಾಗತ್ತೆ ಕಣೇ" ಎಂದೆ.

"ಹೊಗೆ ಇರ್ಬಹುದು, ಕುಂಕುಮ ಇರ್ಬಾರ್ದಾ?" ಎಂದು ಅವಳು ಎಲ್ಲಕ್ಕೂ ಮೂಗಿನ ಮೇಲೆ ಒಂದೊಂದು ಬೊಟ್ಟಿಟ್ಟು, ಮಂಗಳಾರತಿ ಎತ್ತಿ, ಆರತಿಯನ್ನು ನನ್ನ ಮುಂದೆಯೂ ಹಿಡಿದಳು. ತೆಗೆದುಕೊಂಡೆ.

ವಿಮಾನಗಳ ಲೋಕದಲ್ಲಿ ಕುಂಕುಮ ಬಿದ್ದ ಸ್ಪಿಟ್‌ಫೈರಿಗೆ ಬೆಲೆ ಇಲ್ಲವೆಂದು ನನಗೆ ಗೊತ್ತು. ಹತ್ತಿಯಿಂದ ಒರೆಸಿ ನೋಡಿದೆ, ಅದು ಬಣ್ಣದೊಳಕ್ಕೆ ಇಳಿದುಬಿಟ್ಟಿದೆ. ಮೂಗಿನ ಮೇಲಿನ ಕೆಂಪು ಗುರುತು ಯಾವ ದೇಶದ್ದು ಎಂದು ಈಗ ಯಾರಾದರೂ ಕೇಳಿದರೆ ಜಯನಗರದ್ದು ಎನ್ನುತ್ತೇನೆ. ನೀವೇ ಮಾಡಿದ್ದಾ ಎಂದು ಕೇಳಿದರೆ, ಕೊಂಡಿದ್ದು ಎಂದು ಮೊದಲಿನಷ್ಟೇ ಗಟ್ಟಿಯಾಗಿ ಹೇಳುತ್ತೇನೆ. ಪಕ್ಕದಲ್ಲಿ ವತ್ಸಲಾ ಇದ್ದರೆ ಅವಳು ನಗುತ್ತಾಳೆ, ಹೇಗೆ ನಗಬೇಕಿತ್ತೆಂದು ನನಗೆ ತೋರಿಸುವವಳ ಹಾಗೆ.

ವಿಜಯದಶಮಿಯ ಸಂಜೆ ಸಂಘದ ಸಭೆಯಲ್ಲಿ ಫಲಿತಾಂಶ ಹೇಳಿದರು. ಪದ್ಮಾವತಿಯವರಿಗೆ ಮೊದಲ ಬಹುಮಾನ. ನಮಗೆ ಸಮಾಧಾನಕರ ಬಹುಮಾನ, ಆರು ಗಾಜಿನ ಬಟ್ಟಲುಗಳು. ಹಬ್ಬ ಮುಗಿದು ಹಲಗೆಗಳು ಷೋಕೇಸಿಗೆ ವಾಪಸಾದ ದಿನ ವತ್ಸಲಾ ಆ ಬಟ್ಟಲುಗಳನ್ನು ಎರಡನೆಯ ಹಲಗೆಯಲ್ಲಿ ಜೋಡಿಸಿದಳು. ವಿಮಾನಗಳೆಲ್ಲ ಈಗ ಮೊದಲನೆಯ ಹಲಗೆಯಲ್ಲಿವೆ.