ಅತ್ತೆಯ ಅಟ್ಟಕ್ಕೇರಿದ ಲೇಖಕರು

ಕನ್ನಡದ ಕೆಲವು ಹೆಸರಾಂತ ಲೇಖಕರು ಜೈಲುವಾಸ ಅನುಭವಿಸಿದ್ದಾರೆ ಎಂದರೆ ನೀವು ನಂಬುತ್ತೀರಾ? ಪಾಪ, ಅದು ಅವರಿಗೇ ಗೊತ್ತಿಲ್ಲ! ಜೈಲು ಇದ್ದದ್ದು ರಾಜಗೋಪಾಲನಗರದ ನಮ್ಮ ಸೋದರತ್ತೆಯ ಮನೆಯ ಅಟ್ಟದಲ್ಲಿ, ದಸರಾ ಗೊಂಬೆಗಳ ಪೆಟ್ಟಿಗೆಗೂ ಕೆಟ್ಟುಹೋದ ಟೇಬಲ್ ಫ್ಯಾನಿಗೂ ನಡುವೆ. ನ್ಯಾಯಾಧೀಶರೂ ಅತ್ತೆಯೇ, ಜೈಲರೂ ಅತ್ತೆಯೇ. ಮಾವನದು ಸ್ಟೂಲು ಅಲ್ಲಾಡದಂತೆ ಹಿಡಿದುಕೊಳ್ಳುವ ಕೆಲಸ.

ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ಪೀಣ್ಯದ ಒಂದು ಕಂಪನಿಯಲ್ಲಿ ನನಗೆ ಕೆಲಸ, ಮಾಕಳಿಯಲ್ಲಿ ರೂಮು. ಭಾನುವಾರ ಬಂದರೆ ಧೂಳು ಕುಡಿಯುತ್ತಾ ಅತ್ತೆಯ ಮನೆಗೆ ಊಟಕ್ಕೆ ಹೋಗುತ್ತಿದ್ದೆ. ಅತ್ತೆ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಸಣ್ಣಸಣ್ಣ ಬಿಡಿಭಾಗ ಜೋಡಿಸುವ ಕೆಲಸದಲ್ಲಿದ್ದು ಸ್ವಯಂನಿವೃತ್ತಿ ತೆಗೆದುಕೊಂಡವರು. ನಿವೃತ್ತಿಯಾದದ್ದು ಕೈಗೆ ಮಾತ್ರ, ಕಾಲಿಗಲ್ಲ. ಅವರು ಕೂತು ಓದಿದ್ದನ್ನು ನಾನು ಕಂಡಿಲ್ಲ. ಪುಸ್ತಕ ಹಿಡಿದು ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಗೇಟಿಗೆ, ಗೇಟಿನಿಂದ ಮತ್ತೆ ಹಾಲಿಗೆ! ಕಥೆ ರೋಚಕವಾದಂತೆ ನಡಿಗೆಯೂ ಬಿರುಸಾಗುತ್ತಿತ್ತು. ಕೊಲೆಯ ಕಾದಂಬರಿ ಸಿಕ್ಕಿದ ದಿನ ನಾವು ಗೋಡೆಗೆ ಅಂಟಿಕೊಂಡು ಓಡಾಡಬೇಕಿತ್ತು.

ಮೊದಲು ಅಟ್ಟಕ್ಕೇರಿದವರು ಒಬ್ಬ ಕವಿ. ಅವರ ಪದ್ಯಗಳನ್ನು ಅತ್ತೆ ಹುಳಿಗೆ ಒಗ್ಗರಣೆ ಹಾಕುತ್ತಾ ಹೇಳಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಪೇಪರಿನಲ್ಲಿ ಆ ಕವಿಯ ಸಂದರ್ಶನ ಬಂತು. ಹೆಂಗಸರು ಬರೆಯುವುದೆಲ್ಲ ಅಡುಗೆಮನೆಯ ಗೊಣಗಾಟ ಎಂದುಬಿಟ್ಟಿದ್ದರು ಪುಣ್ಯಾತ್ಮರು.

"ರೀ, ಸ್ಟೂಲು ತನ್ನಿ" ಎಂದರು ಅತ್ತೆ.

"ಬಲ್ಬು ಹೋಯ್ತಾ?" ಎಂದರು ಮಾವ.

"ಕವಿ ಹೋದ."

"ಅಯ್ಯೋ ಪಾಪ, ಎಷ್ಟು ವಯಸ್ಸಾಗಿತ್ತು?"

ಆ ಮೇಲೆ ಪ್ರವಾಸ ಕಥನದವರ ಸರದಿ. ತಾನು ಯಾವ ಜಾತಿಯವರ ಮನೆಯಲ್ಲಿ ನೀರು ಕುಡಿಯುವುದಿಲ್ಲ ಎಂಬುದನ್ನು ಆ ಮನುಷ್ಯ ಯಾವುದೋ ಸಭೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದ. ಅದು ಅತ್ತೆಯ ಕಿವಿಗೆ ಬೀಳುವ ಹೊತ್ತಿಗೆ ಅವರು ಪುಸ್ತಕದ ನಟ್ಟನಡುವೆ ಇದ್ದರು. ಹಿಮಾಲಯ, ಕೆಳಗೆ ಹೊಳೆ, ಮುರಿಯುತ್ತಿರುವ ಹಗ್ಗದ ಸೇತುವೆ. ಆದರೇನು, ಪುಸ್ತಕ ಅಟ್ಟಕ್ಕೆ! ವಾರವಿಡೀ ಅತ್ತೆ ಚಡಪಡಿಸಿದರು. ಅನ್ನ ತಳಹಿಡಿಯಿತು, ಹಾಲು ಉಕ್ಕಿತು. ಭಾನುವಾರ ನನ್ನನ್ನು ಅಡುಗೆಮನೆಗೆ ಎಳೆದೊಯ್ದು ಪಿಸುಗುಟ್ಟಿದರು.

"ಅಟ್ಟ ಹತ್ತಿ ಆ ಪುಸ್ತಕ ಓದೋ. ಸೇತುವೆ ದಾಟಿದ್ರಾ ಇಲ್ವಾ ಹೇಳು ಸಾಕು."

"ನೀವೇ ಓದ್ಬಹುದಲ್ಲ ಅತ್ತೆ?"

"ನಾನು ಓದಲ್ಲ ಅಂತ ಹೇಳಾಗಿದೆ. ನಿನಗೇನು, ತತ್ವ ಗಿತ್ವ ಏನೂ ಇಲ್ವಲ್ಲ!"

ಗೊಂಬೆ ಪೆಟ್ಟಿಗೆಯ ಪಕ್ಕ ಮಂಡಿಯೂರಿ, ಸೀನುತ್ತಾ ಓದಿ ಬಂದೆ. ದಾಟಿದರು ಎಂದೆ. "ದಾಟ್ತಾನೆ ಬಿಡು, ಅಂಥೋರಿಗೇನೂ ಆಗಲ್ಲ" ಎಂದು ಅತ್ತೆ ಸಮಾಧಾನದಿಂದ ಸಿಡುಕಿದರು.

ಅಡುಗೆ ಪುಸ್ತಕದ ಲೇಖಕಿಯ ಪ್ರಕರಣ ಇನ್ನೂ ಜಟಿಲವಾಗಿತ್ತು. ಬಾಡಿಗೆಗೆ ಮನೆ ಕೊಡುವಾಗ ಜಾತಿ ಕೇಳಿಕೊಳ್ಳುವುದೇ ಕ್ಷೇಮ ಎಂದು ಆಕೆ ವಾರಪತ್ರಿಕೆಯೊಂದರಲ್ಲಿ ಬರೆದಳು. ಆಕೆಯ ಪುಸ್ತಕ ನೋಡಿ ಹಾಕಿದ ಮಿಡಿ ಉಪ್ಪಿನಕಾಯಿ ಆಗಷ್ಟೇ ಜಾಡಿಯಲ್ಲಿ ಹದಕ್ಕೆ ಬಂದಿತ್ತು. ಪುಸ್ತಕವೇನೋ ಅಟ್ಟಕ್ಕೆ ಹೋಯಿತು. ಊಟಕ್ಕೆ ಕೂತ ಮಾವ ಜಾಡಿಯನ್ನೂ ಅತ್ತೆಯನ್ನೂ ನೋಡಿದರು.

"ಇದನ್ನೇನು ಮಾಡೋಣ? ಇದೂ ಮೇಲಕ್ಕಾ?"

ಅತ್ತೆ ಕ್ಷಣಕಾಲ ಯೋಚಿಸಿದರು. "ಮಿಡಿ ನಮ್ದು, ಉಪ್ಪು ನಮ್ದು, ಖಾರ ನಮ್ದು. ಅವಳದೇನಿದೆ ಇದರಲ್ಲಿ? ತಿನ್ರೀ!"

ಹೀಗೇ ನಡೆದು ಕಪಾಟಿನಲ್ಲಿ ಉಳಿದದ್ದು ಒಂದು ನಿಘಂಟು, ಒಂದು ಪಂಚಾಂಗ, ಮತ್ತೆ ಒಬ್ಬೇ ಒಬ್ಬ ಕಾದಂಬರಿಕಾರರ ಪುಸ್ತಕಗಳು. ಅವರೆಂದರೆ ಅತ್ತೆಗೆ ಪ್ರಾಣ. ಅವರ ಒಂದು ಹಳೆಯ ಕಾದಂಬರಿಯಂತೂ ಬೆನ್ನು ಕಿತ್ತು, ದಾರದಲ್ಲಿ ಹೊಲಿಸಿಕೊಂಡು ಬದುಕಿತ್ತು. ಅಂಥವರು ಅತ್ತೆಯ ಬಡಾವಣೆಯ ರಾಜ್ಯೋತ್ಸವಕ್ಕೆ ಅತಿಥಿಯಾಗಿ ಬರುತ್ತಾರೆಂದರೆ! ಅತ್ತೆ ರೇಷ್ಮೆ ಸೀರೆ ಉಟ್ಟರು. ಸಾಹಿತಿ ಬರುವ ಮೊದಲೇ ನನ್ನನ್ನು ಎಳೆದುಕೊಂಡು ಹೋಗಿ ಮುಂದಿನ ಸಾಲು ಹಿಡಿದರು. ಮಾವನಿಗೆ ಸೆಕೆಂಡ್ ಶಿಫ್ಟು ಇತ್ತು, ಬರಲಿಲ್ಲ.

ಸಾಹಿತಿಗಳು ಶಾಲು ಹೊದ್ದು ಮಾತಾಡತೊಡಗಿದರು. ನಾಡು ನುಡಿಯೆಲ್ಲ ಮುಗಿದ ಮೇಲೆ ಸಂಸಾರಗಳು ಹಾಳಾಗುತ್ತಿರುವುದರ ಕಡೆ ಮಾತು ಹೊರಳಿತು. "ಹೆಣ್ಣುಮಕ್ಕಳು ಫ್ಯಾಕ್ಟರಿ ಗೇಟು ದಾಟಿದ ದಿನವೇ ಮನೆಯ ಒಲೆ ಆರಿಹೋಯಿತು" ಎಂದರು. ಹಿಂದಿನಿಂದ ಜೋರು ಚಪ್ಪಾಳೆ ಬಿತ್ತು. ಆ ಪೆಂಡಾಲಿನಲ್ಲಿ ಗಾರ್ಮೆಂಟ್ಸಿನಿಂದ ನೇರ ಬಂದು ಕೂತಿದ್ದ ಹೆಂಗಸರೇ ಅರ್ಧ ಮಂದಿ.

ಪಕ್ಕಕ್ಕೆ ತಿರುಗಿ ನೋಡುತ್ತೇನೆ, ಅತ್ತೆ ಎದ್ದು ನಿಂತಿದ್ದಾರೆ.

"ಸಾರ್, ನಮ್ಮನೆ ಒಲೆ ಇವತ್ತೂ ಉರೀತಿದೆ. ಇಲ್ಲೇ ಹಿಂದಿನ ರೋಡು. ಬಂದು ಊಟ ಮಾಡ್ಕೊಂಡು ಹೋಗಿ."

ಜನ ಗೊಳ್ಳೆಂದರು. ಸಂಘದವನೊಬ್ಬ ಓಡಿಬಂದು "ಮೇಡಂ, ಕೂತ್ಕೊಳ್ಳಿ, ಪ್ಲೀಸ್" ಎಂದ. ಸಾಹಿತಿಗಳು ಮುಗುಳ್ನಕ್ಕು ಗಡಿಯಾರ ನೋಡಿಕೊಂಡರು. ಅಷ್ಟೇ. ಅತ್ತೆ ಕೂರಲಿಲ್ಲ, ಹೊರಗೆ ನಡೆದರು. ಅವರ ನಡಿಗೆಗೆ ಸಮನಾಗಿ ನಾನು ಓಡಬೇಕಾಯಿತು.

ಅವತ್ತೇ ಸ್ಟೂಲು ಕೇಳುತ್ತಾರೆ ಎಂದುಕೊಂಡಿದ್ದೆ. ಕೇಳಲಿಲ್ಲ. ಆ ಹೊಲಿಗೆ ಹಾಕಿದ ಪುಸ್ತಕ ಒಂದು ವಾರ ಫ್ರಿಜ್ಜಿನ ಮೇಲಿತ್ತು, ಮುಂದಿನ ವಾರ ವಾಷಿಂಗ್ ಮಷೀನಿನ ಮೇಲೆ, ಆ ಮೇಲೆ ಕಿಟಕಿಯಲ್ಲಿ. ಎತ್ತುವರು, ಇಡುವರು, ಮತ್ತೆ ಎತ್ತುವರು. ಒಂದು ಭಾನುವಾರ ನಾನು ಹೋದಾಗ ಅವರು ಹಳೇ ಪೇಪರಿನವನ ಗಾಡಿಗೆ ಅದನ್ನು ಎಸೆದು ಬಾಗಿಲು ಹಾಕಿಕೊಂಡರು. ಗಾಡಿ ತಿರುವು ದಾಟಿರಲಿಲ್ಲ, ಬಾಗಿಲು ತೆರೆದು ಬರಿಗಾಲಲ್ಲಿ ಓಡಿದರು! ಏದುಸಿರು ಬಿಡುತ್ತಾ ಪುಸ್ತಕ ಎದೆಗವಚಿಕೊಂಡು ಬಂದವರು ನನ್ನನ್ನು ನೋಡಿ ಗದರಿದರು.

"ಏನ್ ನೋಡ್ತೀಯ? ಬೇರೆ ಯಾರಾದ್ರೂ ಓದಿ ಕೆಟ್ಟುಹೋದ್ರೆ?"

ಕೊನೆಗೆ ಮಾವ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅದೂ ಆ ಕಾದಂಬರಿಕಾರರ ಉಳಿದ ಪುಸ್ತಕಗಳೂ ಅಟ್ಟಕ್ಕೇರಿದವು. ಅತ್ತೆ ಓದುವುದನ್ನೇ ಬಿಟ್ಟರು. ನಡಿಗೆ ಮಾತ್ರ ನಿಲ್ಲಲಿಲ್ಲ. ಕೈಯಲ್ಲಿ ಪುಸ್ತಕವಿಲ್ಲದೆ ಹಾಲಿನಿಂದ ಗೇಟಿಗೆ, ಗೇಟಿನಿಂದ ಹಾಲಿಗೆ ತಿರುಗುವ ಅವರನ್ನು ನೋಡಿದರೆ ನನಗೇ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಅವರ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಬಗ್ಗಬಾರದು, ಓದಬಾರದು, ಅಳಬಾರದು, ಸುಮ್ಮನೆ ಮಲಗಿರಬೇಕು ಎಂದರು ಡಾಕ್ಟರು. ನಮ್ಮ ಅತ್ತೆಗೆ! ಮಧ್ಯಾಹ್ನದ ಹೊತ್ತಿಗೆ ಮಂಚವೇ ನಡೆಯಲು ಹೊರಟಂತೆ ಹೊರಳಾಡುತ್ತಿದ್ದರು. ಜನ್ಮದಲ್ಲಿ ಒಂದು ಕಥೆ ಓದದ ಮಾವ ಆಗ ಒಂದು ತೀರ್ಮಾನಕ್ಕೆ ಬಂದರು. ತಾವೇ ಓದಿ ಹೇಳುವುದು! ನಿಘಂಟು, ಪಂಚಾಂಗ ಬಿಟ್ಟರೆ ಕಪಾಟು ಖಾಲಿ. ನಾನು ಸ್ಟೂಲು ಹಿಡಿದೆ, ಅವರು ಹತ್ತಿ ಕೈಗೆ ಸಿಕ್ಕ ಪುಸ್ತಕ ತಂದರು. ಸಿಕ್ಕದ್ದು ಅದೇ. ನಾನು ಸನ್ನೆ ಮಾಡುವಷ್ಟರಲ್ಲಿ ಮಾವ ಅಕ್ಷರ ಅಕ್ಷರ ಕೂಡಿಸಿ ಓದಲು ಶುರುಮಾಡಿಬಿಟ್ಟಿದ್ದರು.

ಅತ್ತೆಯ ಹೊರಳಾಟ ನಿಂತಿತು.

"ನಿಲ್ಸಿ" ಎಂದರು.

"ಯಾಕೇ? ಇವರೂ ಸರಿ ಇಲ್ವಾ?"

"ಸರಿ ಇಲ್ಲ." ಕಣ್ಣಿನ ಮೇಲಿನ ಪಟ್ಟಿ ಸರಿಮಾಡಿಕೊಂಡರು. "ನಮ್ಮ ಮಗು ಹೋದಾಗ ನಿಮ್ಮನ್ನ ವಾರ್ಡಿನೊಳಗೆ ಬಿಡ್ಲಿಲ್ಲ ಅಲ್ವಾ?" ಎಂದರು.

ಅವರಿಗೊಂದು ಮಗುವಾಗಿತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಮಾವ ಪುಸ್ತಕ ಮಡಿಲಲ್ಲಿಟ್ಟುಕೊಂಡರು.

"ಸುತ್ತ ಎಲ್ಲರ ಪಕ್ಕದಲ್ಲೂ ಮಗು. ಯಾರೋ ಬಿಟ್ಟುಹೋಗಿದ್ದ ಈ ಪುಸ್ತಕ ಕಿಟಕಿ ಮೇಲಿತ್ತು. ಇದರಲ್ಲಿ ಒಬ್ಬಳು ಬರ್ತಾಳೆ, ಅವಳದೂ ಮಗು ಹೋಗುತ್ತೆ. ಅವಳು ಎದ್ದು ತಲೆ ಬಾಚ್ಕೋತಾಳೆ. ಅದನ್ನ ಓದಿ ನಾನೂ ಎದ್ದು ತಲೆ ಬಾಚ್ಕೊಂಡೆ ಕಣ್ರೀ. ಅಷ್ಟು ತಿಳಿದವನು, ಅವತ್ತು ಆ ಮಾತು ಹೆಂಗೆ ಆಡಿದ?"

ಮಾವ ಪುಸ್ತಕದ ಹೊಲಿಗೆಯ ಮೇಲೆ ಬೆರಳಾಡಿಸಿದರು.

"ನನಗೆ ಹೇಳ್ಲೇ ಇಲ್ವಲ್ಲೇ" ಎಂದರು ಮಾವ.

"ನೀವು ಅಳ್ತಿದ್ರಿ. ಅದಕ್ಕೇ ಹೇಳ್ಲಿಲ್ಲ."

"ಅತ್ತೆ, ಡಾಕ್ಟರು ಅಳಬಾರದು ಅಂದಿದ್ದಾರೆ" ಎಂದೆ.

"ನಾನೆಲ್ಲೋ ಅಳ್ತಿದ್ದೀನಿ? ನಿಮ್ಮ ಮಾವನ್ನ ನೋಡು." ಆ ಮೇಲೆ ಮೆಲ್ಲಗೆ ಹೇಳಿದರು, "ಓದ್ರೀ. ಅವನ ಮೇಲಿನ ಸಿಟ್ಟು ಹಂಗೇ ಇರ್ಲಿ. ನೀವು ಓದಿ."

ಮಾವನಿಗೆ ಅಕ್ಷರಗಳು ಕಾಣುತ್ತಿರಲಿಲ್ಲ. ಪುಸ್ತಕ ನಾನು ಇಸಿದುಕೊಂಡೆ. ಅತ್ತೆ ಕಣ್ಣು ಮುಚ್ಚಿಕೊಂಡೇ ಗಾಳಿಯಲ್ಲಿ ತಡಕಾಡಿ ಮಾವನ ಕೈ ಹುಡುಕಿ ಹಿಡಿದುಕೊಂಡರು, ನಾನು ಓದತೊಡಗಿದೆ.