ಮೆಟ್ಟಿಲ ಮೇಲೆ ಓದುವುದನ್ನು ನಿಷೇಧಿಸಿದ ಹಾಗೂ ಅದರಿಂದ ಮೊಲವೊಂದು ನಡುದಾರಿಯಲ್ಲಿ ಉಳಿದ ಬಗ್ಗೆ

ವೈಯಕ್ತಿಕ ಕಲಿಕಾ ಚಿಕಿತ್ಸಾ ಇಲಾಖೆ (ಸಾಮೂಹಿಕ ಶಾಖೆ)
ಸಂಖ್ಯೆ: ವೈಕಚಿ/ಮೆಟ್ಟಿಲು/ಸದ್ದು/ಪರಿಷ್ಕೃತ

ಉಲ್ಲೇಖ: (ಅ) ಸದ್ದಿನ ವಿರುದ್ಧ ಅಧೀಕ್ಷಕರು ಸಲ್ಲಿಸಿದ ದೂರು.
(ಆ) ಸದ್ದು ನಿಂತುಹೋದದ್ದರ ವಿರುದ್ಧ ಅದೇ ಅಧೀಕ್ಷಕರು ಸಲ್ಲಿಸಿದ ದೂರು.

ಇಲಾಖೆಯ ಶಾಲೆಯಲ್ಲಿ ಮಹಡಿ ಮೆಟ್ಟಿಲಿನ ಕೆಳಗೆ ಅಧೀಕ್ಷಕರ ಕೊಠಡಿ ಇರುವುದು ಸರಿಯಷ್ಟೆ. ಪುಟದ ಮೇಲಿನ ಅಕ್ಷರಗಳು ಕಣ್ಣಮುಂದೆ ಕಲಸಿಹೋಗುವ ಬಾಲಕಿಯೊಬ್ಬಳಿಗೆ (ಮನೆಯವರು ಕರೆಯುವುದು 'ಚಿಗರೆ') ಚಿಕಿತ್ಸಾ ಶಿಕ್ಷಕಿಯವರು ಅದೇ ಮೆಟ್ಟಿಲುಗಳ ಮೇಲೆ ಓದು ಕಲಿಸುತ್ತಿದ್ದುದು ಗಮನಕ್ಕೆ ಬಂದಿತ್ತು. ಅಕ್ಷರಕ್ಕೊಂದು ಮೆಟ್ಟಿಲು, ಒತ್ತಕ್ಷರ ಬಂದಲ್ಲಿ ಎರಡೂ ಕಾಲು ಜೋಡಿಸಿ ಒಂದು ನೆಗೆತ. ಪ್ರತಿ ಒತ್ತಕ್ಷರಕ್ಕೂ ಅಧೀಕ್ಷಕರ ಚಹಾಕ್ಕೆ ಸುಣ್ಣದ ಪುಡಿ ಉದುರುತ್ತಿದ್ದ ಕಾರಣ ಈ ಕೆಳಕಂಡಂತೆ ಆದೇಶಿಸಲಾಗಿತ್ತು:

1. ವೈಯಕ್ತಿಕ ಗಮನವನ್ನು ಎಲ್ಲ ಮಕ್ಕಳಿಗೂ ಏಕಕಾಲದಲ್ಲಿ, ಏಕರೀತಿಯಲ್ಲಿ, ಒಂದೇ ಬೆಂಚಿನ ಮೇಲೆ ನೀಡತಕ್ಕದ್ದು.

2. ಮಕ್ಕಳ ಕಲಿಕೆಯ ಭಿನ್ನತೆಗಳು ಪರಸ್ಪರ ಹೋಲುವಂತಿರತಕ್ಕದ್ದು. ಬೇರೆ ಬಗೆಯಲ್ಲಿ ಭಿನ್ನವಾಗಿರಲು ಇಚ್ಛಿಸುವವರು ಪೂರ್ವಾನುಮತಿ ಪಡೆಯುವುದು.

3. ಮೆಟ್ಟಿಲುಗಳು ಹತ್ತಲು ಮತ್ತು ಇಳಿಯಲು ಮಾತ್ರ. ಹತ್ತುವಾಗ ಯಾರಿಗಾದರೂ ಜ್ಞಾನ ಉಂಟಾದಲ್ಲಿ ಅದನ್ನು ಮೇಲೆಯೇ ಬಿಟ್ಟು ಇಳಿಯತಕ್ಕದ್ದು.

4. ಓದಿನ ಪರೀಕ್ಷೆಯನ್ನು ಕುಳಿತೇ ಎದುರಿಸತಕ್ಕದ್ದು. ತಪ್ಪಿದಲ್ಲಿ ಬಾಲಕಿಯನ್ನು ಹಿಂದಿನ ತರಗತಿಗೆ ಇಳಿಸಲಾಗುವುದು. ಈ ಇಳಿಕೆಗೆ ಮೆಟ್ಟಿಲು ಬಳಸಲು ಅಭ್ಯಂತರವಿಲ್ಲ.

ಸದರಿ ಆದೇಶದ ಮೇರೆಗೆ ಬಾಲಕಿಯನ್ನು ಬೆಂಚಿನ ಮೇಲೆ ಕೂರಿಸಿ ಪೂರ್ವಭಾವಿ ಪರೀಕ್ಷೆ ನಡೆಸಲಾಯಿತು. ಬಾಲಕಿಯು ಹಾಳೆಯನ್ನು ನೋಡಿದಳು. ಹಾಳೆಯೂ ಬಾಲಕಿಯನ್ನು ನೋಡಿತು. ಬೇರೇನೂ ನಡೆಯಲಿಲ್ಲ. ತಾಯಿಯ ಹೇಳಿಕೆಯನ್ನು, ಕೇಳಿದಂತೆಯೇ, ಒಂದು ಮಾತನ್ನೂ ತಿದ್ದದೆ ದಾಖಲಿಸಲಾಗಿದೆ: "ನನ್ನ ಮಗಳು ಕೂತ್ರೆ ಕಲ್ಲು, ಎದ್ರೆ ಗಿಣಿ, ಸಾರ್. ಗಿಣೀನ ಹಿಡ್ದು ಕಲ್ಲು ಮಾಡ್ಬಿಟ್ಟು 'ಮಾತಾಡು, ಮಾತಾಡು' ಅಂದ್ರೆ? ಕಲ್ಲಿಗೆ ಯಾರಾದ್ರೂ ಪರೀಕ್ಷೆ ಇಡ್ತಾರಾ?"

ಈ ನಡುವೆ ಅಧೀಕ್ಷಕರ ಕೊಠಡಿಯಲ್ಲಿ ಅನಿರೀಕ್ಷಿತ ತೊಡಕು ತಲೆದೋರಿತು. ಬಾಲಕಿ ಓದುತ್ತಿದ್ದುದು ಅವಳ ಅಜ್ಜಿ ಹೇಳಿದ, ಶಿಕ್ಷಕಿಯವರು ಬರೆದುಕೊಟ್ಟ ಕತೆ: ಗಡದ್ದಾಗಿ ಮಲಗಿದ ಹುಲಿಯನ್ನು ಅದರದೇ ಮದುವೆಗೆ ಎಬ್ಬಿಸಲು ಹೊರಟ ಮೊಲದ ವೃತ್ತಾಂತ. ಬೇಡಬೇಡವೆಂದರೂ ಅದು ತಲೆಯ ಮೇಲಿಂದ ಅಧೀಕ್ಷಕರ ಕಿವಿಗೆ ಬೀಳುತ್ತಿತ್ತು. ನಿಷೇಧ ಜಾರಿಯಾದ ದಿನ ಮೊಲವು ಗುಹೆಯೊಳಗೆ ಹೋಗಿ ಹುಲಿಯ ಮೀಸೆಯ ಮೇಲೆ ಮುಂಗಾಲು ಇಟ್ಟಿತ್ತು. ಅಂದಿನಿಂದ ಚಹಾ ಶುದ್ಧವಾಗಿದೆ. ಕಡತಗಳು ಮಾತ್ರ ಇದ್ದಲ್ಲೇ ಇವೆ. ಅಧೀಕ್ಷಕರು ಸಹಿ ಹಾಕಲು ಪೆನ್ನೆತ್ತಿ, ಸೂರು ನೋಡುತ್ತ ಕೂರುವುದನ್ನು ಜವಾನರು ಕಂಡಿದ್ದಾರೆ.

ಕತೆಯ ಮುಂದಿನ ಭಾಗವನ್ನು ಒದಗಿಸುವಂತೆ ಶಿಕ್ಷಕಿಯವರಿಗೆ ಸೂಚಿಸಲಾಗಿ, ಬಂದ ಉತ್ತರ: "ಅಯ್ಯೋ, ನಾನು ಹೇಳಿಬಿಟ್ರೆ ಚಿಗರೆ ನನ್ನ ಸುಮ್ನೆ ಬಿಡ್ತಾಳಾ ಸಾರ್? ಅದು ಅವಳ ಮೊಲ. ಮೆಟ್ಟಿಲು ಕೊಡಿ, ಕೇಳಿಸ್ಕೊಳ್ಳಿ."

ಆದಕಾರಣ, ಹಿಂದಿನ ಆದೇಶವನ್ನು ಕಿಂಚಿತ್ತೂ ಸಡಿಲಿಸದೆ, ಈ ಕೆಳಗಿನವುಗಳನ್ನು ಸೇರಿಸಲಾಗಿದೆ:

5. ಪರೀಕ್ಷಾ ಕೊಠಡಿಯನ್ನು ಮಹಡಿಗೆ ವರ್ಗಾಯಿಸಲಾಗಿದೆ. ಹಾಳೆಯನ್ನು ಕೆಳಗೇ ಕೊಡತಕ್ಕದ್ದು. ಹತ್ತುವ ದಾರಿಯಲ್ಲಿ ಬಾಲಕಿಯ ಬಾಯಿಂದ ಬಂದುದೆಲ್ಲವನ್ನೂ ಕುಳಿತು ಓದಿದ್ದೆಂದು ಪರಿಗಣಿಸತಕ್ಕದ್ದು.

6. ಪರೀಕ್ಷಕರು ಜೊತೆಯಲ್ಲೇ ಹತ್ತತಕ್ಕದ್ದು. ಏದುಸಿರು ಬಂದಲ್ಲಿ ಅವರು ಕುಳಿತುಕೊಳ್ಳಬಹುದು. ಯಾರೇ ಕುಳಿತರೂ ನಾಲ್ಕನೆಯ ನಿಯಮ ಪಾಲನೆಯಾದಂತೆಯೇ.

7. ಮೆಟ್ಟಿಲು ಮುಗಿದು ಕತೆ ಉಳಿದಲ್ಲಿ ಓದುತ್ತಲೇ ಇಳಿಯತಕ್ಕದ್ದು. ಇದನ್ನು ಹಿಂದಿನ ತರಗತಿಗೆ ಇಳಿದಂತೆ ಎಣಿಸತಕ್ಕದ್ದಲ್ಲ.

8. ಪರೀಕ್ಷೆಯ ಪಾಠವು ಮೊಲ ಮೀಸೆಯ ಮೇಲೆ ಕಾಲಿಟ್ಟಲ್ಲಿಂದಲೇ ಆರಂಭವಾಗತಕ್ಕದ್ದು. ಆ ವೇಳೆ ಅಧೀಕ್ಷಕರ ಬಾಗಿಲು, ಗಾಳಿಯಾಡುವ ಸಲುವಾಗಿ, ತೆರೆದಿರುತ್ತದೆ. ಚಹಾದ ಲೋಟಕ್ಕೆ ಮುಚ್ಚಳ ಖರೀದಿಸಲಾಗಿದೆ.

(ಸಹಿ)
ಅಧೀಕ್ಷಕರು
ಮೆಟ್ಟಿಲ ಕೆಳಗಿನ ಕೊಠಡಿ

ಪ್ರತಿಗಳು:
ಚಿಕಿತ್ಸಾ ಶಿಕ್ಷಕಿಯವರಿಗೆ, ಮೆಟ್ಟಿಲು ಕೊಡಲಾಗಿದೆ ಎಂಬ ಮಾಹಿತಿಯೊಂದಿಗೆ.
ತಾಯಿಯವರಿಗೆ, ತಮ್ಮ ಪ್ರಶ್ನೆಗೆ 'ಇಡುವುದಿಲ್ಲ' ಎಂಬ ಉತ್ತರದೊಂದಿಗೆ.
ಅಜ್ಜಿಯವರಿಗೆ, ಮುಂದಿನ ಕತೆಯನ್ನು ಸಿದ್ಧವಾಗಿಡುವಂತೆ ಕೋರಿ.
ಹುಲಿಗೆ: ಪ್ರತಿ ಕಳುಹಿಸಿಲ್ಲ. ಎಚ್ಚರವಾಗಿದೆಯೇ ಎಂಬುದು ಇನ್ನೂ ತಿಳಿದುಬಂದಿಲ್ಲ.
ಬಾಲಕಿಗೆ, ಮೆಟ್ಟಿಲ ಮೇಲೆ ಓದಿಕೊಳ್ಳಲು. ಇಲಾಖೆಯ ಭಾಷೆಯಲ್ಲಿ ಒತ್ತಕ್ಷರ ಹೆಚ್ಚು. ನೆಗೆಯುವಾಗ ಕಂಬಿ ಹಿಡಿದುಕೊಳ್ಳತಕ್ಕದ್ದು.